ಬುವೆಂಡೆಯ ಅತ್ತೆಯರು

ಲುಟೆಂಗೊ ಪೇಟೆಯಿಂದ ಕಿಸಾಲಿ ಪೇಟೆಗೆ ಹೋಗುವವರು ಬುಕಿರ್ವಾಳ ಕಬಲಗಲ ತಿನ್ನದೆ ಬುವೆಂಡೆ ದಾಟುವುದಿಲ್ಲ ಎಂದು ಊರವರು ಹೇಳಿಕೊಳ್ಳುತ್ತಿದ್ದರು. ಮಾತು ಕೊಂಚ ಉಬ್ಬಿಸಿದ್ದೇ ಸರಿ, ಆದರೆ ಪೂರ್ತಿ ಸುಳ್ಳೂ ಅಲ್ಲ. ಊರು ಮುಗಿದು ರಸ್ತೆ ಜೌಗಿಗೆ ಇಳಿಯುವ ಕಡೆ, ಹಲಸಿನ ಮರದ ಕೆಳಗೆ ಅವಳ ಒಲೆ. ಕಳಿತ ಪುಟ್ಟಬಾಳೆಯನ್ನು ಕಿವುಚಿ, ಮರಗೆಣಸಿನ ಹಿಟ್ಟು ಸೇರಿಸಿ, ಚಿಟಿಕೆ ಉಪ್ಪು ಹಾಕಿ, ಬಿಲ್ಲೆ ತಟ್ಟಿ ಎಣ್ಣೆಗೆ ಬಿಟ್ಟರೆ ಕಬಲಗಲ. ಜೌಗು ದಾಟಲು ಹೊರಟವರಿಗೆ ಹೊಟ್ಟೆಯಲ್ಲಿ ಏನಾದರೂ ಇರಬೇಕು. ದಾಟಿ ಬಂದವರಿಗೆ ಮೈ ಬೆಚ್ಚಗಾಗಲು ಬಿಸಿಬಿಸಿ ಏನಾದರೂ ಬೇಕು. ಹಾಗಾಗಿ ಎರಡು ಕಡೆಯ ಹಸಿವೂ ಅವಳ ಬಾಣಲೆಗೇ ಬರುತ್ತಿತ್ತು.

ಬಾಳೆಗೊನೆ ಮಾರುವ ಸಂತೆ ಊರಿನಾಚೆ, ಕಿಸಾಲಿ ಕಡೆ. ಡಾಕ್ಟರು ಇರುವ ಆಸ್ಪತ್ರೆಯೂ ಅಲ್ಲೇ. ನಡುವೆ ಆಳೆತ್ತರದ ಜೊಂಡು ಬೆಳೆದ ಜೌಗು, ಅದನ್ನು ಸೀಳಿಕೊಂಡು ಹೋಗುವ ಕೆಂಪು ಮಣ್ಣಿನ ರಸ್ತೆ. ಬೇಸಿಗೆಯಲ್ಲಿ ಧೂಳು, ಮಳೆಗಾಲದಲ್ಲಿ ಗಂಜಿ. ನಟ್ಟನಡುವೆ ಒಂದು ತಗ್ಗಿತ್ತು. ಬಾಡಿಗೆ ಮೋಟಾರ್ ಸೈಕಲ್ಲು, ಅಂದರೆ ಬೋಡಾ, ಓಡಿಸುವ ಹುಡುಗರು ಅಲ್ಲಿಗೆ ಬಂದಾಗ ಹಾಡು ನಿಲ್ಲಿಸುತ್ತಿದ್ದರು. ಮೋಟಾರ್ ಸೈಕಲ್ಲಿನ ಹಿಂದಿನ ಚಕ್ರ ಹೂತರೆ ಅದನ್ನು ಎತ್ತಲು ನಾಲ್ಕು ಜನ ಬೇಕು, ಆ ನಾಲ್ಕು ಜನ ಯಾವಾಗ ಬರುತ್ತಾರೋ ದೇವರಿಗೇ ಗೊತ್ತು.

ಬುಕಿರ್ವಾಳ ಮಗಳು ನಸೂನಾ ಸತ್ತದ್ದು ಆ ತಗ್ಗಿನಲ್ಲಿ.

ನಸೂನಾಳನ್ನು ಜೌಗಿನಾಚೆಯ ನಕಟೆಟೆ ಊರಿಗೆ, ಕಯೆಂಬಾ ಎನ್ನುವವನಿಗೆ ಕೊಟ್ಟಿದ್ದರು. ಚೊಚ್ಚಲ ಹೆರಿಗೆಗೆಂದು ತಾಯಿಯ ಬಳಿ ಬಂದಿದ್ದಳು. ನೋವು ಶುರುವಾಗಿ, ಅದರ ಜೊತೆಗೆ ರಕ್ತವೂ ಶುರುವಾದಾಗ ಬೋಡಾದ ಮೇಲೆ ನಡುವೆ ಅವಳನ್ನು ಕೂರಿಸಿ, ಹಿಂದಿನಿಂದ ಬುಕಿರ್ವಾ ತಬ್ಬಿ ಹಿಡಿದು ಕಿಸಾಲಿಗೆ ಹೊರಟರು. ತಗ್ಗಿನಲ್ಲಿ ಚಕ್ರ ಹೂತಿತು. ಓಡಿಸುತ್ತಿದ್ದವನು ಜನ ಕರೆತರಲು ಓಡಿದ. ರಸ್ತೆಯ ಮೇಲೆ ಬುಕಿರ್ವಾ ತಾನು ತೊಟ್ಟಿದ್ದ ಕಾಲುದ್ದದ ಗೊಮೆಸಿಯ ಸೊಂಟಪಟ್ಟಿ ಬಿಚ್ಚಿ ಹಾಸಿದಳು, ಅದರ ಮೇಲೆಯೇ ಗಂಡುಮಗು ಹುಟ್ಟಿತು. ಅಷ್ಟರಲ್ಲಿ ಸುದ್ದಿ ತಿಳಿದು ಆಚೆ ದಡದಿಂದ ಕಯೆಂಬಾ ಓಡಿಬಂದ.

ಅಳಿಯ ಬಂದರೆ ಅತ್ತೆ ಎದುರಿಗೆ ನಿಲ್ಲುವಂತಿಲ್ಲ. ಮುಖ ಕಾಣಬಾರದು, ಮೈ ತಾಗಬಾರದು, ಒಂದೇ ತಟ್ಟೆಯ ಎಂಜಲು ಬೇಡವೇ ಬೇಡ. ಮೀರಿದರೆ ಒಬುಕೊ ಹಿಡಿಯುತ್ತದೆ, ಕೈಕಾಲು ನಡುಗುವ ರೋಗ. ಅದು ದೊಡ್ಡವರನ್ನು ಬಿಟ್ಟು ಮಡಿಲಲ್ಲಿರುವ ಕೂಸನ್ನು ಹಿಡಿದದ್ದೂ ಉಂಟು. ಇದನ್ನು ಯಾರೂ ಕೂತು ಯೋಚಿಸುವುದಿಲ್ಲ. ಕೆಂಡ ತಾಗಿದರೆ ಕೈ ತಾನಾಗಿ ಹಿಂದಕ್ಕೆ ಬರುವ ಹಾಗೆ, ಅಳಿಯನನ್ನು ಕಂಡ ಕಾಲು ತಾನಾಗಿ ದಾರಿ ಬಿಡುತ್ತದೆ. ಬುಕಿರ್ವಾ ಕೂಸನ್ನು ಎದೆಗವಚಿಕೊಂಡು ಜೊಂಡಿಗಿಳಿದು, ಮೊಣಕಾಲುದ್ದ ನೀರಿನಲ್ಲಿ ಬೆನ್ನು ತಿರುಗಿಸಿ ನಿಂತಳು.

ಹಿಂದಿನಿಂದ ಮಗಳ ದನಿ ಕೇಳಿಸಿತು, ತಗ್ಗಿದ ದನಿ. ಆಮೇಲೆ ಕಯೆಂಬಾನ ದನಿ. ಮತ್ತೆ ಮಗಳದು. ಆಮೇಲೆ ಬರೀ ಕಯೆಂಬಾನದು. ಬುಕಿರ್ವಾ ತಿರುಗಿ ನೋಡಲಿಲ್ಲ. ಜನ ಬಂದು ಅವಳನ್ನು ನೀರಿನಿಂದ ಎತ್ತಿ ತರುವಾಗ ಅವಳಿಗೆ ಮೊಣಕಾಲಿನ ಕೆಳಗೆ ಕಾಲುಗಳಿವೆ ಎಂದೇ ತಿಳಿಯುತ್ತಿರಲಿಲ್ಲ.

ಮರುದಿನ ಬುವೆಂಡೆಯಲ್ಲಿ, ನಸೂನಾಳ ತಂದೆಯ ಬಳಗದ ಗೋರಿಗಳ ಸಾಲಿನಲ್ಲಿ ಮಣ್ಣು ಮಾಡಿದರು. ಹೆಣಕ್ಕೆ ಸುತ್ತಲು ಬಂಧುಗಳು ಒಬ್ಬೊಬ್ಬರೂ ಮರದ ತೊಗಟೆ ಬಡಿದು ಮಾಡಿದ ಬಟ್ಟೆ ತಂದಿದ್ದರು. ಗಂಡನ ಮನೆಯಿಂದ ಬರಬೇಕಿದ್ದ ತೊಗಟೆಬಟ್ಟೆ ಮಾತ್ರ ಬರಲಿಲ್ಲ. ಅದನ್ನು ತರುತ್ತಿದ್ದ ಬೋಡಾವೂ ಅದೇ ತಗ್ಗಿನಲ್ಲಿ ಹೂತಿತ್ತು. ಅದು ಬುಕಿರ್ವಾಳ ಮನೆ ಮುಟ್ಟುವಾಗ ಗುಂಡಿ ಮುಚ್ಚಿಯಾಗಿತ್ತು. ವಾಪಸು ಕಳಿಸುವಂತಿಲ್ಲ, ಬೇರೆ ಹೆಣಕ್ಕೆ ಕೊಡುವಂತಿಲ್ಲ. ಮಡಿಸಿ ಅಟ್ಟದ ಮೇಲಿಟ್ಟಳು.

ಆಮೇಲೂ ಅವಳ ಒಲೆ ಆರಲಿಲ್ಲ. ಹಣ್ಣು ಕಿವುಚಿದಳು, ಹಿಟ್ಟು ಕಲಸಿದಳು, ಬಂದವರಿಗೆ ಕ್ಷೇಮ ಕೇಳಿದಳು. ಅತ್ತಿಲ್ಲ ಎಂದು ಕೆಲವರು ಆಡಿಕೊಂಡರು, ಗಟ್ಟಿಗಿತ್ತಿ ಎಂದು ಕೆಲವರು ಹೊಗಳಿದರು. ಎರಡೂ ಅವಳಿಗೆ ಗೋಡೆಯಾಚೆಯ ಮಾತಿನಂತೆ ಕೇಳಿಸುತ್ತಿದ್ದವು. ಹಿಟ್ಟಿಗೆ ಉಪ್ಪು ಬಿದ್ದಿದೆಯೋ ಇಲ್ಲವೋ ಎಂದು ನಾಲಿಗೆಗೆ ಇಟ್ಟುಕೊಂಡರೂ ತಿಳಿಯುತ್ತಿರಲಿಲ್ಲ; ಗಿರಾಕಿಗಳ ಮುಖ ನೋಡಿ ತಿಳಿದುಕೊಳ್ಳುತ್ತಿದ್ದಳು. ಒಮ್ಮೆ ಕಯೆಂಬಾ ಬಂದು ಅಡುಗೆಮನೆಯ ಗೋಡೆಯಾಚೆ ಕೂತಿದ್ದ. ಗೋಡೆ ನಡುವೆ ಇದ್ದರೆ ಅತ್ತೆ ಅಳಿಯ ಮಾತಾಡಬಹುದು, ಅದಕ್ಕೆ ತಡೆಯಿಲ್ಲ. ಆದರೆ ಬುಕಿರ್ವಾ ಗೋಡೆಯ ಬಳಿ ಹೋಗಲಿಲ್ಲ. ಎಣ್ಣೆ ಕಾದಿದೆ ಎಂದು ಹೇಳಿ ಕಳಿಸಿದಳು. ಅವನು ಬಹಳ ಹೊತ್ತು ಕೂತಿದ್ದು ಎದ್ದು ಹೋದ. ಮತ್ತೆ ಬರಲಿಲ್ಲ. ಮಗುವನ್ನು ನೋಡಬೇಕೆನಿಸಿದಾಗ ತಂಗಿಯನ್ನು ಕಳಿಸಿ ಕರೆಸಿಕೊಳ್ಳುತ್ತಿದ್ದ.

ಅವಳಲ್ಲಿ ಇನ್ನೂ ಮಿಡಿಯುತ್ತಿದ್ದದ್ದು ಒಂದೇ, ಕೂಸಿನ ಭಯ. ಮುಟ್ಯಾಬಾ ಎಂದು ಹೆಸರಿಟ್ಟಿದ್ದರು. ನೀರಿನ ತಂಡಿಗೋ ಏನೋ, ಹುಟ್ಟಿದಾಗಿನಿಂದ ಎದೆ ಕಟ್ಟುತ್ತಿತ್ತು. ನಿದ್ದೆ ಮಾಡುತ್ತಿದ್ದರೆ ಮೂಗಿನ ಕೆಳಗೆ ಬೆರಳಿಟ್ಟು ನೋಡುವಳು. ಉಸಿರು ಬೆರಳಿಗೆ ತಾಗಿದರೂ ನಂಬಿಕೆಯಿಲ್ಲದೆ ಹೊಟ್ಟೆಯ ಮೇಲೆ ಅಂಗೈ ಇಡುವಳು. ಬೆನ್ನಿಗೆ ಕಟ್ಟಿಕೊಂಡಾಗ ಕೂಸು ಸುಮ್ಮನಿದ್ದರೂ ಭಯ, ಅತ್ತರೂ ಭಯ. ಗಂಟು ಸಡಿಲವಾಯಿತೇ, ಬಿಗಿಯಾಯಿತೇ, ಕತ್ತು ವಾಲಿತೇ? ಎದೆ ಸಿಳ್ಳೆ ಹೊಡೆಯಲು ಶುರುವಾದರೆ ಕಿಸಾಲಿಗೇ ಓಡಬೇಕು, ಓಡಬೇಕೆಂದರೆ ಅದೇ ತಗ್ಗು. ಮಳೆಗಾಲ ಹತ್ತಿರವಾದಂತೆ ಅವಳು ಆಕಾಶ ನೋಡುವುದನ್ನೇ ಬಿಟ್ಟಿದ್ದಳು.

ಹೀಗಿರುವಾಗ ರಸ್ತೆ ಕಚೇರಿಯ ಬಿಳಿ ಪಿಕಪ್ ಗಾಡಿ ಹಲಸಿನ ಮರದ ಕೆಳಗೆ ಬಂದು ನಿಂತಿತು. ಇಳಿದವಳು ಉತ್ತರ ಸೀಮೆಯ ಹೆಂಗಸು, ಇಂಜಿನಿಯರ್ ಅಪಿಯೊ. ಮೊಣಕಾಲವರೆಗಿನ ರಬ್ಬರ್ ಬೂಟು, ಎರಡು ನಿಮಿಷಕ್ಕೊಮ್ಮೆ ಫೋನಿನಲ್ಲಿ ಸಿಗ್ನಲ್ ಹುಡುಕುವ ಕಣ್ಣು. ಊರ ಚೇರ್ಮನ್ ಲುಬೋವಾ ಎಲ್ಲರನ್ನೂ, ಜೌಗಿನಾಚೆಯ ನಕಟೆಟೆಯವರನ್ನೂ ಸೇರಿಸಿದ. ಅವಳು ನೆಲದ ಮೇಲೆ ಕಡ್ಡಿಯಿಂದ ಗೀರಿ ತೋರಿಸಿದಳು. ಎರಡು ಪೇಟೆಗಳ ನಡುವೆ ಒಳ್ಳೆಯ ರಸ್ತೆ ಆಗಬೇಕು. ದಾರಿಗಳು ಎರಡಿವೆ. ಒಂದು ಈ ಜೌಗಿನ ದಾರಿ, ಹತ್ತಿರದ್ದು, ಆದರೆ ಎತ್ತರಿಸಿ ಕಟ್ಟಬೇಕು. ಇನ್ನೊಂದು ಚಹಾ ತೋಟ ಬಳಸಿ ಹೋಗುವುದು, ದೂರ, ಆದರೆ ಒಣನೆಲ. ಒಂದನ್ನೇ ಮಾಡಲು ಸಾಧ್ಯ. ಎರಡು ದಾರಿಗಳಲ್ಲೂ ಒಂದು ಸಂತೆಯ ದಿನದಿಂದ ಮುಂದಿನ ಸಂತೆಯ ದಿನದವರೆಗೆ ಜನರನ್ನು ಎಣಿಸುತ್ತೇವೆ: ಗಂಡಸರೆಷ್ಟು, ಹೆಂಗಸರೆಷ್ಟು, ಏನು ಹೊತ್ತಿದ್ದಾರೆ. ಯಾವುದರಲ್ಲಿ ಜನ ಹೆಚ್ಚೋ ಅದೇ ರಸ್ತೆ. ಹೆಂಗಸರ ಎಣಿಕೆಗೆ ತೂಕ ಹೆಚ್ಚು, ಯಾಕೆಂದರೆ ಆಸ್ಪತ್ರೆಗೂ ಸಂತೆಗೂ ನಡೆಯುವವರು ಅವರೇ ಎಂದಳು.

ಹಿಂದೆ ಕೂತಿದ್ದ ಬುಕಿರ್ವಾ ಪಕ್ಕದ ನಾಲೊಂಗೊಳ ಕಿವಿಯಲ್ಲಿ ಏನೋ ಹೇಳಿದಳು. ನಾಲೊಂಗೊ ಅವಳಿಜವಳಿ ಹೆತ್ತವಳು, ಹೆಸರೇ ಆ ಗೌರವದ್ದು. ಎಲ್ಲಿ ಬೇಕಾದರೂ ಬಾಯಿ ತೆರೆಯಬಲ್ಲವಳು. ಅವಳು ಎದ್ದು, ಜೌಗಿನ ರಸ್ತೆ ಆದರೆ ಆಸ್ಪತ್ರೆ ಗಾಡಿ ಈ ಹಲಸಿನ ಮರದವರೆಗೆ ಬರುತ್ತದೆಯೇ, ಮಳೆಯಲ್ಲೂ ಬರುತ್ತದೆಯೇ ಎಂದು ಕೇಳಿದಳು. ಬರುತ್ತದೆ ಎಂದಳು ಅಪಿಯೊ. ತೋಟದ ರಸ್ತೆ ಆದರೆ? ಆಗ ಈ ದಾರಿಗೆ ಇನ್ನು ಎಷ್ಟೋ ವರ್ಷ ಒಂದು ಬುಟ್ಟಿ ಮಣ್ಣೂ ಬೀಳುವುದಿಲ್ಲ ಎಂದಳು. ಬುಕಿರ್ವಾ ಬೆನ್ನ ಮೇಲಿನ ಗಂಟನ್ನು ಮುಟ್ಟಿ ನೋಡಿಕೊಂಡಳು.

ಎಣಿಸಲು ಓದುಬರಹ ಬಲ್ಲ, ನಂಬಿಕೆಯ ಆಳು ಬೇಕಿತ್ತು. ಚೇರ್ಮನ್ ಎದೆಯುಬ್ಬಿಸಿ ಕಯೆಂಬಾನ ಹೆಸರು ಹೇಳಿದ. ನಮ್ಮೂರ ಅಳಿಯ, ಸುಳ್ಳಾಡುವವನಲ್ಲ, ಅಕ್ಷರ ಮುತ್ತಿನಂಥದು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವನು ಎದ್ದು ನಿಂತಾಗ ಮರ್ಯಾದೆಯಿಂದ ಮುಖ ಅತ್ತ ತಿರುಗಿಸಿಕೊಂಡ ಹೆಂಗಸರೂ ತಟ್ಟಿದರು. ಬುಕಿರ್ವಾಳೂ ತಟ್ಟಿದಳು. ಯಾರ ತಲೆಗೂ ಏನೂ ಹೊಳೆಯಲಿಲ್ಲ.

ರಸ್ತೆ ಜೌಗಿಗೆ ಇಳಿಯುವ ಬಾಯಲ್ಲಿ ಒಂದು ದೊಡ್ಡ ಮ್ವೂಲೆ ಮರ. ಅದರ ಕೆಳಗೆ ಕಚೇರಿಯವರು ಕಯೆಂಬಾನಿಗೆ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೊಟ್ಟರು. ಹಾಯುವವರೆಲ್ಲ ಅವನ ಮುಂದಿನಿಂದಲೇ ಹಾಯಬೇಕು. ಅದು ಲೆಕ್ಕಕ್ಕೆ ತುಂಬ ಅನುಕೂಲದ ಜಾಗ.

ಮೊದಲ ಬೆಳಿಗ್ಗೆ ಗೊನೆ ಹೊತ್ತು ಇಳಿಜಾರಿನಲ್ಲಿ ಬಂದ ಹೆಂಗಸರು ಕುರ್ಚಿ ಕಂಡು ನಿಂತರು. ಕಯೆಂಬಾ ಮದುವೆಯಾದದ್ದು ಒಬ್ಬಳನ್ನು. ಆದರೆ ಹೆಂಡತಿಯ ತಾಯಿ ಮಾತ್ರ ಅತ್ತೆಯಲ್ಲ. ಅವಳ ಅಕ್ಕತಂಗಿಯರು, ದೊಡ್ಡಪ್ಪ ಚಿಕ್ಕಪ್ಪಂದಿರ ಹೆಂಡಿರು, ಅವರ ಓರಗಿತ್ತಿಯರು, ಎಲ್ಲರೂ ಅತ್ತೆಯರೇ. ಬುವೆಂಡೆಯಲ್ಲಿ ಗೊನೆ ಹೊರುವ ವಯಸ್ಸಿನ ಹೆಂಗಸರಲ್ಲಿ ಅವನಿಗೆ ಅತ್ತೆಯಾಗದವಳನ್ನು ಹುಡುಕಬೇಕು.

"ಕೂತಿರೋ ಗತ್ತು ನೋಡೇ, ಗವರ್ನರ್ ಸಾಹೇಬರ ಥರ," ಎಂದಳು ನಾಲೊಂಗೊ, ಸೆರಗಿನ ಬಟ್ಟೆಯನ್ನು ಮುಖದ ಮೇಲೆಳೆದುಕೊಂಡು. "ನಡೀರಿ ಕೆಳಗಡೆಯಿಂದ. ಅಳಿಯನ ಕೆಲಸಕ್ಕೆ ಅಡ್ಡ ಆಗೋದು ಬೇಡ."

ಜೊಂಡಿನ ಒಳಗೆ ಮೀನು ಹಿಡಿಯುವವರ ಹಳೆಯ ಕಾಲುದಾರಿ ಒಂದಿತ್ತು, ಇಳಿದರೆ ಆಚೆ ದಡದಲ್ಲೇ ಮೇಲೇರಬೇಕು. ಅದಕ್ಕಿಳಿದರು. ಮೊಣಕಾಲು ನೀರು, ಕೆಲವು ಕಡೆ ತೊಡೆ ನೀರು. ಇತ್ತ ಕಯೆಂಬಾನೂ ಮರ್ಯಾದಸ್ಥ. ಹೆಂಗಸರ ದನಿ ಕೇಳಿದೊಡನೆ ಕುರ್ಚಿಯನ್ನು ಮರದ ಕಾಂಡದ ಕಡೆ ತಿರುಗಿಸಿಕೊಂಡು, ದನಿ ಅಡಗುವವರೆಗೆ ತೊಗಟೆಯ ಇರುವೆ ನೋಡುತ್ತ ಕೂರುತ್ತಿದ್ದ. ತನ್ನ ಮುಂದೆ ಹಾದವರನ್ನು ಒಬ್ಬರನ್ನೂ ಬಿಡದೆ ಬರೆದ. ಹಾಯದವರನ್ನು ಬರೆಯುವುದು ಹೇಗೆ?

ಸಂತೆಯವರೆಗೂ ಹೀಗೇ ನಡೆಯಿತು. ಯಾರಿಗೂ ಇದು ವಿಶೇಷವೆನಿಸಲಿಲ್ಲ. ಬುಕಿರ್ವಾಳೂ ಎದೆಮದ್ದಿಗೆಂದು ಕೂಸನ್ನು ಕಟ್ಟಿಕೊಂಡು ಜೊಂಡಿನಲ್ಲೇ ಹೋದಳು, ಜೊಂಡಿನಲ್ಲೇ ಬಂದಳು. ನೀರಿನ ಹುಳ ಕಾಲಿಗೆ ಹತ್ತಿ ರಕ್ತಕ್ಕೆ ಇಳಿಯುತ್ತದೆಂದು ಆಸ್ಪತ್ರೆಯ ನರ್ಸು ಹೇಳಿದ್ದಳು, ಅದೊಂದು ದಿಗಿಲು. ಹಾವಿನ ದಿಗಿಲು. ಕೂಸಿನ ಪಾದ ನೀರಿಗೆ ತಾಗೀತೆಂದು ಗಂಟನ್ನು ಮೇಲಕ್ಕೆ ಜಗ್ಗಿ ಜಗ್ಗಿ ಭುಜ ಸೋತಿತ್ತು. ನಡುದಾರಿಗೆ ಬರುವಾಗ ಕಾಲು ಜೋಮು ಹಿಡಿದು, ಬೇರೆ ಯಾರದೋ ಕಾಲಿನ ಮೇಲೆ ನಡೆದಂತಾಗುತ್ತಿತ್ತು. ತಗ್ಗಿನ ಜಾಗ ಬಂದಾಗ ರಸ್ತೆಯ ಕಡೆ ನೋಡುತ್ತಿರಲಿಲ್ಲ. ನೋಡಿದ್ದರೂ ಮನಸ್ಸಿಗೆ ಏನೂ ಆಗುತ್ತಿರಲಿಲ್ಲ ಎಂಬುದೇ ಅವಳಿಗೆ ಇನ್ನೂ ಕೆಟ್ಟದೆನಿಸುತ್ತಿತ್ತು.

ಎಣಿಕೆಯ ಕೊನೆಯ ದಿನ ಸಂತೆಯ ದಿನ. ಅದರ ಹಿಂದಿನ ಮಧ್ಯಾಹ್ನ ಅಪಿಯೊ ಕಾಗದಗಳನ್ನು ನೋಡಿಕೊಂಡು ಬಂದು ಬುಕಿರ್ವಾಳ ಒಲೆಯ ಮುಂದಿನ ಬೆಂಚಿನ ಮೇಲೆ ಕೂತಳು. ಜೊತೆಗೆ ಚೇರ್ಮನ್. ಕಬಲಗಲ ಕೈಗೆ ಬಂದರೂ ಅವಳು ಬಾಯಿಗಿಡಲಿಲ್ಲ.

"ಚೇರ್ಮನ್ರೇ, ನಿಮ್ಮೂರ ಹೆಂಗಸರು ನಡೆಯೋದೇ ಇಲ್ವಾ?"

ಚೇರ್ಮನ್ ನಕ್ಕ. "ಅವರು ಕೂತಿದ್ದನ್ನ ನಾನು ನೋಡಿಲ್ಲ ಮೇಡಂ. ನನ್ನ ಹೆಂಡತಿ ನಿದ್ದೇಲೂ ನಡೀತಾಳೆ."

ಅಪಿಯೊ ನಗಲಿಲ್ಲ. ಗಂಡಸರಿದ್ದಾರೆ, ಬೋಡಾ ಇವೆ, ಸೈಕಲ್ಲಿವೆ. ಹೆಂಗಸರ ಸಾಲಿನಲ್ಲಿ ಇರುವವರು ನಾಲ್ಕೈದು ಹುಡುಗಿಯರು, ಒಬ್ಬ ಪರವೂರ ಸಂನ್ಯಾಸಿನಿ. ತೋಟದ ದಾರಿಯಲ್ಲಿ ಹೆಂಗಸರ ಸಾಲು ಹಾಳೆ ತುಂಬಿ ಹರಿದಿದೆ. ನಾನು ಜೌಗಿನ ದಾರಿಯ ಪರವಾಗಿಯೇ ಬರೆಯಬೇಕೆಂದಿದ್ದೆ, ಈಗ ಯಾವ ಬಾಯಲ್ಲಿ ಬರೆಯಲಿ ಎಂದು ಹೇಳಿದಳು.

ಬುಕಿರ್ವಾ ಸೌಟನ್ನು ಬಾಣಲೆಯಲ್ಲೇ ಬಿಟ್ಟಳು. ಎಷ್ಟೋ ತಿಂಗಳಿಂದ ಗಿರಾಕಿಗಳೊಡನೆ ಹೌದು, ಇಲ್ಲ, ಬಿಸಿಯಿದೆ ಎಂಬುದನ್ನು ಬಿಟ್ಟು ಮಾತಾಡಿರದ ಹೆಂಗಸು.

"ನಡೀತೀವಿ ಮೇಡಂ. ಜೊಂಡಿನೊಳಗೆ ನಡೀತೀವಿ."

"ರಸ್ತೆ ಇದ್ದೂ ಜೊಂಡಲ್ಲಿ ಯಾಕಮ್ಮ?"

"ಅಳಿಯ ಕೂತಿದ್ದಾನಲ್ಲ."

ಚೇರ್ಮನ್ ಹಣೆ ಹಣೆ ಬಡಿದುಕೊಂಡ. ಅಪಿಯೊ ಅವಳನ್ನು ನೋಡಿದಳು, ಅವಳ ಒದ್ದೆ ಅಂಚಿನ ಗೊಮೆಸಿಯನ್ನು ನೋಡಿದಳು.

"ಇಡೀ ಊರಿಗೇ ಅಳಿಯನಾ?"

"ನಾನೇ ಹೆಸರು ಹೇಳಿದ್ದು," ಎಂದ ಚೇರ್ಮನ್. "ಹೆಮ್ಮೆಯಿಂದ ಹೇಳಿದ್ದು."

ಅಪಿಯೊ ಬಯ್ಯಲಿಲ್ಲ. ನನ್ನ ತಾಯಿ ಇವತ್ತಿಗೂ ನನ್ನ ಗಂಡನೆದುರು ನೀರು ಸಹ ಕುಡಿಯುವುದಿಲ್ಲ, ನಾನಾದರೂ ಕೇಳಬೇಕಿತ್ತು ಎಂದಳು. ಆದರೆ ಆಳನ್ನು ಬದಲಿಸುವಂತಿಲ್ಲ, ಮೊದಲಿನಿಂದ ಕೊನೆಯವರೆಗೆ ಒಂದೇ ಕೈ ಬರೆಯಬೇಕೆಂಬುದು ನಿಯಮ. ಅಂದಾಜಿನ ಮೇಲೆ ಹೆಂಗಸರನ್ನು ತುಂಬಿಸಿಬಿಡಿ ಎಂದು ಚೇರ್ಮನ್ ಮೆಲ್ಲಗೆ ಹೇಳಿ ನೋಡಿದ. ನನ್ನ ಹಿಂದೆ ಇನ್ನೊಬ್ಬರು ಬಂದು ಎಣಿಸಿ ನೋಡುತ್ತಾರೆ, ಸುಳ್ಳು ಸಿಕ್ಕರೆ ಎರಡು ರಸ್ತೆಯೂ ಇಲ್ಲ ಎಂದಳು ಅವಳು. ನಾಳೆ ಸಂತೆ. ನಾಳೆ ಹೆಂಗಸರು ಅವನ ಮುಂದೆ ಹಾದದ್ದನ್ನು ನಾನೇ ನಿಂತು ನೋಡಿದರೆ, ಹಿಂದಿನದು ತಪ್ಪು ಎಣಿಕೆ ಎಂದು ಬರೆದು ಮತ್ತೊಮ್ಮೆ ಎಣಿಸಲು ಅಪ್ಪಣೆ ತರಬಲ್ಲೆ. ಹಾಯದಿದ್ದರೆ ತೋಟದ ರಸ್ತೆ. ಇಷ್ಟು ಹೇಳಿ ಕಬಲಗಲವನ್ನು ಎಲೆಯಲ್ಲಿ ಸುತ್ತಿಕೊಂಡು ಗಾಡಿ ಹತ್ತಿದಳು.

ಸಂಜೆಯೊಳಗೆ ಹೆಂಗಸರೆಲ್ಲ ಬುಕಿರ್ವಾಳ ಅಂಗಳದಲ್ಲಿ ಸೇರಿದರು. ಕಣ್ಣು ಮುಚ್ಚಿಕೊಂಡು ಓಡಿಬಿಡೋಣ ಎಂದಳು ಒಬ್ಬಳು. ಕಣ್ಣು ಮುಚ್ಚಿ ಓಡಿದರೆ ಅವನ ಮಡಿಲಲ್ಲೇ ಬೀಳುತ್ತೀಯೆ ಎಂದು ಇನ್ನೊಬ್ಬಳು. ರಸ್ತೆಗೋಸ್ಕರ ಒಬುಕೊ ಹಿಡಿಸಿಕೊಳ್ಳುವುದೇ?

"ನನ್ನ ಕೈ ನಡುಗೋಕೆ ಶುರುವಾದ್ರೆ ಗಂಡನ ಸಾರೆಲ್ಲ ಚೆಲ್ಲುತ್ತೆ," ಎಂದಳು ನಾಲೊಂಗೊ. "ಈಗಲೇ ನೀರು ಸಾರು ಅಂತಾನೆ."

ನಕ್ಕರು. ಬುಕಿರ್ವಾ ನಗಲಿಲ್ಲ. ಮಡಿಲಲ್ಲಿ ಕೂಸಿನ ಎದೆ ಸಣ್ಣಗೆ ಸಿಳ್ಳೆ ಹೊಡೆಯುತ್ತಿತ್ತು. ಅವಳ ಅಂಗೈ ಅದರ ಮೇಲಿತ್ತು. ಗೋಡೆಯಾಚೆ ಕೂತು ಎದ್ದುಹೋದ ಅಳಿಯನ ಹೆಜ್ಜೆ ಸದ್ದು ಅವಳಿಗೆ ಯಾಕೋ ನೆನಪಾಯಿತು. ಕೂಸನ್ನು ನಾಲೊಂಗೊಳ ಕೈಗೆ ಕೊಟ್ಟು ಒಳಗೆ ಹೋದಳು. ಬರುವಾಗ ಅವಳ ಕೈಯಲ್ಲಿ ಆ ತೊಗಟೆಬಟ್ಟೆ ಇತ್ತು, ಇಟ್ಟ ಮಡಿಕೆಯೇ ಬಿಚ್ಚಿರಲಿಲ್ಲ.

"ಇದನ್ನ ಕಟ್ಟೋಣ. ಅವನೊಂದು ಕಡೆ, ನಾವೊಂದು ಕಡೆ. ಹೋಗ್ತಾ ಕೂಗಿ ಹೇಳೋಣ. ಅವನು ಕೇಳಿಸ್ಕೊಂಡು ಬರೀಲಿ."

ನಾಲೊಂಗೊ ದನಿ ತಗ್ಗಿಸಿದಳು. "ಅದು ಹೆಣದ ಬಟ್ಟೆ ಕಣೇ. ದಾರಿ ಮೇಲೆ ಕಟ್ತಾರಾ ಯಾರಾದ್ರೂ?"

"ಹೆಣಕ್ಕೆ ತಲುಪಲೇ ಇಲ್ವಲ್ಲ," ಎಂದಳು ಬುಕಿರ್ವಾ. "ಇನ್ನೂ ಯಾರದ್ದೂ ಆಗಿಲ್ಲ."

ಬೇರೆ ಬಟ್ಟೆ ತರುತ್ತೇನೆಂದು ಯಾರೂ ಹೇಳಲಿಲ್ಲ.

ಬೆಳಿಗ್ಗೆ ಚೇರ್ಮನ್ ತಾನೇ ಒಂದು ಕಂಬ ನೆಟ್ಟು, ಕಂಬದಿಂದ ಮ್ವೂಲೆ ಮರಕ್ಕೆ ಅದನ್ನು ಬಿಗಿದ. ಮಣ್ಣಿನದೇ ಬಣ್ಣದ ಬಟ್ಟೆ, ಗಾಳಿಗೆ ಚರ್ಮದಂತೆ ಸದ್ದು ಮಾಡುತ್ತಿತ್ತು. ಕಯೆಂಬಾ ಅದನ್ನು ಕಂಡ ಕೂಡಲೇ ಗುರುತಿಸಿದ. ಕುರ್ಚಿಯನ್ನು ಅದರ ಹಿಂದಕ್ಕೆ ಎಳೆದುಕೊಂಡ. ಅಪಿಯೊ ರಸ್ತೆಯ ಆಚೆ ಬದಿ ಬೂಟು ಹೂತುಕೊಂಡು ನಿಂತಳು.

ಮೊದಲು ಬಂದವಳು ನಾಲೊಂಗೊ. "ಒಬ್ಬಳು. ತಲೆ ಮೇಲೆ ಗೊನೆ. ಮುದುಕಿ ಅಂತ ಬರೀಬೇಡ ಅಳಿಯ."

ಬಟ್ಟೆಯ ಹಿಂದಿನಿಂದ ಕೆಮ್ಮಿದ್ದೋ ನಕ್ಕಿದ್ದೋ ಒಂದು ಸದ್ದು ಬಂತು. ಆಮೇಲೆ ಸಾಲು ಬಿಡದೆ ಬಂದರು. ಒಬ್ಬಳು, ಮರಗೆಣಸು. ಒಬ್ಬಳು, ಎರಡು ಕೋಳಿ, ಒಂದು ಸತ್ತ ಹಾಗಿದೆ. ಒಬ್ಬಳು, ಬರೀ ಕೈ, ಆಸ್ಪತ್ರೆಗೆ. ಉತ್ಸಾಹ ಹೆಚ್ಚಾದ ಒಬ್ಬಾಕೆ ಜೊಂಡಿನಲ್ಲಿ ಸುತ್ತುಹಾಕಿ ಎರಡನೇ ಸಲ ಬಂದಾಗ ಬಟ್ಟೆಯಾಚೆಯಿಂದ ವಿನಯವಾಗಿ ಉತ್ತರ ಬಂತು: "ಈ ದನಿ ಆಗಲೇ ಹೋಯ್ತಲ್ಲಮ್ಮ." ಅಪಿಯೊ ಕೈಯಿಂದ ಬಾಯಿ ಮುಚ್ಚಿಕೊಂಡಳು. ಹಾಯುವವರ ಒಂದೊಂದು ತಲೆಯನ್ನೂ ಅವಳು ತಾನೇ ಬೇರೆ ಬರೆದುಕೊಳ್ಳುತ್ತಿದ್ದಳು, ತಾಳೆ ನೋಡಲು.

ಬಿಸಿಲೇರಿ ಸಂತೆಯವರು ಕರಗಿದ ಮೇಲೆ ಬುಕಿರ್ವಾ ಬಂದಳು. ಕೂಸನ್ನು ಕಿಸಾಲಿಗೆ ಒಯ್ಯಬೇಕಿತ್ತು. ಬಟ್ಟೆಯ ಎದುರು ಬಂದಾಗ ಕಾಲು ರೂಢಿಯಂತೆ ಜೊಂಡಿನ ಕಡೆ ವಾಲಿತು. ತಡೆದಳು.

"ಒಬ್ಬಳು," ಎಂದಳು. "ಬೆನ್ನಲ್ಲಿ ಮಗು."

ಆಚೆ ಪೆನ್ನು ಗೀರುವ ಸದ್ದು ಬರಲಿಲ್ಲ.

"ಬೆನ್ನ ಮೇಲಿನ ಮಗುವನ್ನ ಬರೆಯೋಕೆ ಇಲ್ಲಿ ಜಾಗ ಇಲ್ಲ, ಅಮ್ಮ."

"ಹಾಗಾದ್ರೆ ಒಬ್ಬಳು."

ಅವಳು ಹೋಗಬಹುದಿತ್ತು. ಹೋಗಲಿಲ್ಲ. ಗಾಳಿಗೆ ಬಟ್ಟೆ ಒಮ್ಮೆ ಉಬ್ಬಿ ಅವಳ ತೋಳಿಗೆ ತಾಗಿ ಹಿಂದೆ ಸರಿಯಿತು. ಕಯೆಂಬಾ ಮಗುವಿನ ಎದೆ ಹೇಗಿದೆ ಎಂದು ಕೇಳಿದ. ಮದ್ದು ಹಾಕಿದರೆ ಪರವಾಗಿಲ್ಲ ಎಂದಳು.

"ಅವತ್ತು ಗೋಡೆ ಹತ್ರ ಬಂದಿದ್ದೆ," ಎಂದ ಅವನು. "ಅವಳು ನಿಮಗೆ ಒಂದು ಮಾತು ಹೇಳಿದ್ಲು. ಬೇರೆಯವರ ಬಾಯಲ್ಲಿ ಕಳಿಸೋಕೆ ಮನಸ್ಸು ಬರ್ಲಿಲ್ಲ."

ಎಣ್ಣೆ ಕಾದಿದೆ ಎನ್ನಲು ಇಲ್ಲಿ ಒಲೆಯಿರಲಿಲ್ಲ. ಬುಕಿರ್ವಾ ಬೆನ್ನ ಗಂಟನ್ನು ಎರಡು ಕೈಯಲ್ಲೂ ಹಿಡಿದುಕೊಂಡಳು.

"ಅಮ್ಮ ಎಲ್ಲಿ ಅಂದ್ಲು. ಇಲ್ಲೇ ನೀರಲ್ಲಿ ನಿಂತಿದ್ದಾರೆ, ಮಗು ಅವರ ಹತ್ರ ಇದೆ ಅಂದೆ. ಬಹಳ ಹೊತ್ತು ನೀರಲ್ಲಿ ನಿಲ್ಲಬೇಡ ಅಂತ ಹೇಳು, ಕಾಲು ಜೋಮು ಹಿಡಿಯುತ್ತೆ ಅಂದ್ಲು."

"ಮತ್ತೆ?"

"ಅಷ್ಟೇ, ಅಮ್ಮ."

ಅಷ್ಟೇ. ಬುಕಿರ್ವಾ ತಲೆಯಾಡಿಸಿದಳು, ಬಟ್ಟೆಯಾಚೆಯವನಿಗೆ ಅದು ಕಾಣುವುದಿಲ್ಲವೆಂದು ನೆನಪಾಗಿ "ಆಯ್ತಪ್ಪ" ಎಂದಳು. ಪೆನ್ನು ಗೀರಿದ ಸದ್ದು ಕೇಳಿಸಿತು. ನಡೆದಳು.

ರಸ್ತೆಯ ಮೇಲೆಯೇ ನಡೆದಳು. ತಗ್ಗು ಬಂತು. ಒಣಗಿ ಬಿರಿದ ಮಣ್ಣಿನಲ್ಲಿ ಯಾವುದೋ ಚಕ್ರದ ಹಳೆಯ ಗುರುತಿತ್ತು. ನಿಂತು ನೋಡಿದಳು, ಬಲಗಡೆ ತಾನು ಬೆನ್ನು ಹಾಕಿ ನಿಂತಿದ್ದ ಜೊಂಡನ್ನೂ ನೋಡಿದಳು. ಮಗಳು ಮಲಗಿದ್ದ ಜಾಗದಿಂದ ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಆಚೆ ದಡ ಮುಟ್ಟಿ ಕಲ್ಲಿನ ಮೇಲೆ ಕೂತಾಗ ಪಾದದಿಂದ ಮೇಲಕ್ಕೆ ಇರುವೆ ಹರಿದಂತೆ ಜುಮುಜುಮು ಶುರುವಾಯಿತು. ಒಣರಸ್ತೆಯಲ್ಲಿ ಬಂದವಳಿಗೆ ಇದೇಕೆ ಎಂದುಕೊಂಡಳು. ಮೊಣಕಾಲು ದಾಟಿ, ತೊಡೆ ದಾಟಿ ಹತ್ತಿತು. ನೋವು ತಡೆಯಲಾಗದೆ ಹಲ್ಲು ಕಚ್ಚಿದಳು. ಕೂಸು ಎಚ್ಚರವಾಗಿ ಅವಳ ಜಡೆ ಎಳೆಯಿತು.

ಅಪಿಯೊಳ ತಲೆಲೆಕ್ಕವೂ ಕಯೆಂಬಾನ ದನಿಲೆಕ್ಕವೂ ತಾಳೆಯಾದವು. ಅಪ್ಪಣೆ ಬಂತು, ಮತ್ತೊಮ್ಮೆ ಎಣಿಸಿದರು. ಅಷ್ಟು ದಿನವೂ ಬಟ್ಟೆ ಇಬ್ಬನಿಗೆ ನೆನೆದು ಬಿಸಿಲಿಗೆ ಒಣಗುತ್ತ ಮ್ವೂಲೆ ಮರದ ಕೆಳಗೇ ಇತ್ತು. ಎಣಿಕೆ ಮುಗಿದ ಸಂಜೆ ಕಯೆಂಬಾ ಅದನ್ನು ಮಡಿಸಿ ತಂಗಿಯ ಕೈಯಲ್ಲಿ ಕಳಿಸಿದ. ಬುಕಿರ್ವಾ ಈ ಸಲ ಅದನ್ನು ಅಟ್ಟಕ್ಕೆ ಹಾಕಲಿಲ್ಲ. ನಸೂನಾಳ ಗೋರಿಯ ಮೇಲೆ ಹಾಸಿ, ನಾಲ್ಕು ಮೂಲೆಗೆ ನಾಲ್ಕು ಕಲ್ಲಿಟ್ಟಳು. ತಡವಾಗಿ ಬಂದದ್ದು ಕೊನೆಗೂ ತಲುಪಿತು. ಮಳೆ ಬಂದು ಅದನ್ನು ಮೆಲ್ಲಗೆ ಮಣ್ಣಿಗೆ ಸೇರಿಸಿತು.

ಆ ಮಳೆಗಾಲ ರಸ್ತೆ ಎಂದಿನಂತೆ ಗಂಜಿಯೇ. ಎರಡು ಸಲ ಕೂಸನ್ನು ಎತ್ತಿಕೊಂಡು ಕೆಸರಿನಲ್ಲಿ ಓಡಿದಳು, ಎರಡು ಸಲವೂ ವಾಪಸು ತಂದಳು. ಮಳೆ ನಿಂತ ಮೇಲೆ ಕಚೇರಿಯವರು ಬಂದು ಗೂಟ ಹೊಡೆದರು. ಜೌಗಿನ ದಾರಿಯೇ ಗಟ್ಟಿಯಾಗಿತ್ತು. ಏರಿ ಎತ್ತರಿಸಿ, ಕೆಳಗೆ ನೀರಿಗೆ ಕೊಳವೆ ಹಾಕಿ, ಮೇಲೆ ಗರಸು ಸುರಿಯುವುದೆಂದು ಚೇರ್ಮನ್ ಮನೆಮನೆಗೆ ಹೇಳಿ ಬಂದ. ಕೆಂಪು ತುದಿಯ ಒಂದು ಗೂಟ ತಗ್ಗಿನ ಪಕ್ಕ ನಿಂತಿತು. ಇನ್ನೊಂದು ನೇರ ಬುಕಿರ್ವಾಳ ಒಲೆಯ ನಡುವೆ ಬಂತು. ರಸ್ತೆ ಅಗಲವಾಗುತ್ತದಂತೆ, ಒಲೆ ಹಿಂದೆ ಸರಿಯಬೇಕಂತೆ.

ಅವಳು ಕಲ್ಲುಗಳನ್ನು ಒಂದೊಂದಾಗಿ ಹೊತ್ತು ಮರದ ಹಿಂದಕ್ಕೆ ಸಾಗಿಸಿದಳು. ಹೊಸ ಜಾಗದಲ್ಲಿ ಒಲೆ ಹೂಡಿ, ಹಣ್ಣು ಕಿವುಚಿ, ಹಿಟ್ಟು ಕಲಸಿ, ಮೊದಲ ಬಿಲ್ಲೆ ಎಣ್ಣೆಗೆ ಬಿಟ್ಟಳು. ನಾಲೊಂಗೊ ಬಂದು ಕೂತು, ಒಂದು ಬಾಯಿಗೆ ಹಾಕಿಕೊಂಡು, ಸುಮ್ಮನೆ ಅಗಿದಳು. ಬುಕಿರ್ವಾ ಅಭ್ಯಾಸದಂತೆ ಅವಳ ಮುಖ ನೋಡಿದಳು. ಆಮೇಲೆ ತಾನೇ ಒಂದು ಚೂರು ಮುರಿದು ನಾಲಿಗೆಯ ಮೇಲಿಟ್ಟಳು.

"ಉಪ್ಪು ಜಾಸ್ತಿಯಾಗಿದೆ," ಎಂದಳು.

"ಎಷ್ಟೋ ದಿನದಿಂದ ಜಾಸ್ತಿಯೇ," ಎಂದಳು ನಾಲೊಂಗೊ. "ಹೇಳೋದು ಬೇಡ ಅಂತಿದ್ವಿ."

ಬುಕಿರ್ವಾ ಹಿಟ್ಟಿಗೆ ಇನ್ನೆರಡು ಹಣ್ಣು ಕಿವುಚಿ ಹಾಕಿದಳು.